ಹಲ್ಲುನೋವು ತಾನಾಗಿ ನಿಂತಿತು, ಆದರೆ ಒಸಡಿನ ಮೇಲೆ ಗುಳ್ಳೆ ಏಳುತ್ತಿದೆ: ಇದು ಕೀವಾ?

ಪ್ರಶ್ನೆ: ನನಗೆ 41 ವರ್ಷ. ಕೆಳಗಿನ ಬಲಗಡೆಯ ಒಂದು ದವಡೆ ಹಲ್ಲಿಗೆ ಹಲವು ವರ್ಷಗಳ ಹಿಂದೆ ದೊಡ್ಡ ಫಿಲ್ಲಿಂಗ್ ಮಾಡಿಸಿದ್ದೆ. ಎರಡು ತಿಂಗಳ ಹಿಂದೆ ಬಿಸಿ ಏನಾದರೂ ಕುಡಿದರೆ ಆ ಕಡೆ ನೋವು ಶುರುವಾಗಿ ತುಂಬಾ ಹೊತ್ತು ಇರುತ್ತಿತ್ತು. ಆಮೇಲೆ ಕೆಲವು ರಾತ್ರಿ ನಿದ್ದೆಯೇ ಇಲ್ಲ. ಕಿವಿಯವರೆಗೂ ಎಳೆಯುತ್ತಿತ್ತು. ಯಾವ ಹಲ್ಲು ಅಂತಲೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಒಂದು ದಿನ ನೋವು ತಾನಾಗಿಯೇ ನಿಂತುಹೋಯಿತು. ಈಗ ಕೆಲವು ವಾರಗಳಿಂದ ಆ ಹಲ್ಲಿನ ಪಕ್ಕದ ಒಸಡಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಬೆಳಿಗ್ಗೆ ಬಾಯಲ್ಲಿ ಉಪ್ಪುಪ್ಪು, ಕೆಟ್ಟ ರುಚಿ. ಔಷಧಿ ಅಂಗಡಿಯಲ್ಲಿ ಕೇಳಿ ಐದು ದಿನ ಆಂಟಿಬಯೋಟಿಕ್ ತಗೊಂಡೆ. ಗುಳ್ಳೆ ಹೋಯಿತು, ಎರಡು ವಾರಕ್ಕೆ ಮತ್ತೆ ಬಂತು. ಕೀವು ತಾನಾಗಿ ಹೊರಗೆ ಹೋಗುತ್ತಿದ್ದರೆ ಒಳ್ಳೆಯದೇ ಅಂತಾರೆ ಸ್ನೇಹಿತರು. ಬಾವು ಇರುವಾಗ ಹಲ್ಲು ಮುಟ್ಟಿಸಬಾರದು ಅಂತಾರೆ ಮನೆಯವರು. ಮುಂದಿನ ತಿಂಗಳು ಕೆಲಸದ ಮೇಲೆ ಆರು ವಾರ ದೂರ ಹೋಗಬೇಕು. ಬಂದ ಮೇಲೆ ತೋರಿಸಿದರೆ ಆಗುತ್ತದೆಯೇ? ಇನ್ನೊಂದು ಕೋರ್ಸ್ ಮಾತ್ರೆ ತಗೊಳ್ಳಲೇ? ಜೊತೆಗೆ, ಸಕ್ಕರೆ ಕಾಯಿಲೆ ಇರುವ ನನ್ನ ತಾಯಿಗೂ ಮುಂದಿನ ಹಲ್ಲಿನ ಹತ್ತಿರ ಒಸಡು ಊದಿಕೊಂಡಿದೆ. ಅದೂ ಇದೇನಾ?

ಉತ್ತರ: ನೀವು ಬರೆದಿರುವುದು ಹಲ್ಲಿನ ಬೇರಿನ ತುದಿಯಲ್ಲಿ ಕೀವು ತುಂಬಿರುವವರ ಕಥೆ. ಬಾಯೊಳಗೆ ನೋಡದೆ, ಎಕ್ಸ್‌ರೇ ತೆಗೆಯದೆ ಮುದ್ರೆ ಒತ್ತಲು ಆಗುವುದಿಲ್ಲ ನಿಜ. ಆದರೆ ಬಿಸಿ ತಾಗಿದರೆ ನೋವು, ರಾತ್ರಿಯ ನೋವು, ಆಮೇಲೆ ಏಕಾಏಕಿ ಮೌನ, ಕೊನೆಗೆ ಎದ್ದು ಒಡೆಯುವ ಗುಳ್ಳೆ ಇದೇ ಕ್ರಮದಲ್ಲಿ ಬಂದಾಗ ಬೇರೆ ಕಾರಣ ಇರುವುದು ಅಪರೂಪ. ಇವತ್ತು ರಾತ್ರಿಯೇ ಆಸ್ಪತ್ರೆಗೆ ಓಡಬೇಕಾಗಿಲ್ಲ. ಹಾಗಂತ ಪ್ರಯಾಣ ಮುಗಿಸಿ ಬಂದು ನೋಡೋಣ ಅನ್ನುವುದು ಬೇಡ. ಈ ವಾರದಲ್ಲೇ ದಂತವೈದ್ಯರನ್ನು ಕಾಣಿ. ನಿಮ್ಮ ತಾಯಿಯನ್ನು ನಿಮಗಿಂತ ಮೊದಲೇ ಕರೆದುಕೊಂಡು ಹೋಗಿ. ಅವರ ವಿಷಯ ಬೇರೆ, ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ನೋವು ತಾನಾಗಿಯೇ ನಿಂತುಹೋಯಿತು’ ಅನ್ನುವ ಸಾಲು. ಹಲ್ಲುನೋವು ನಿಂತ ದಿನವೇ ಜನ ಡಾಕ್ಟರ ಹತ್ತಿರ ತಗೊಂಡ ಅಪಾಯಿಂಟ್‌ಮೆಂಟ್ ಬಿಟ್ಟುಬಿಡುತ್ತಾರೆ. ನಮ್ಮ ಕ್ಲಿನಿಕ್‌ನಲ್ಲಿ ಇದು ದಿನನಿತ್ಯದ ಕಥೆ. ಆ ದಿನ ಹಲ್ಲಿನೊಳಗೆ ನಡೆದದ್ದೇನು ಅಂತ ಗೊತ್ತಿದ್ದರೆ ಯಾರೂ ಬಿಡುತ್ತಿರಲಿಲ್ಲ.

ಹಲ್ಲಿನ ಗಟ್ಟಿ ಪದರಗಳ ಒಳಗೆ ಮೆತ್ತನೆಯ ಒಂದು ಭಾಗ ಇದೆ. ಅದರಲ್ಲಿ ನರವೂ ಇದೆ, ರಕ್ತನಾಳವೂ ಇದೆ. ನಾವು ಪಲ್ಪ್ ಅನ್ನುತ್ತೇವೆ, ಜನ ಸಾಮಾನ್ಯವಾಗಿ ಹಲ್ಲಿನ ನರ ಅನ್ನುತ್ತಾರೆ. ಹುಳುಕು ಆಳಕ್ಕೆ ಇಳಿದರೆ, ಹಳೆಯ ಫಿಲ್ಲಿಂಗ್‌ನ ಅಂಚು ಬಿಟ್ಟುಕೊಂಡರೆ ಅಥವಾ ಹಲ್ಲು ಸೀಳು ಬಿಟ್ಟರೆ ಬ್ಯಾಕ್ಟೀರಿಯಾ ಅಲ್ಲಿಗೆ ದಾರಿ ಮಾಡಿಕೊಳ್ಳುತ್ತವೆ. ಕೈಗೆ ಗಾಯವಾದರೆ ಆ ಜಾಗ ಊದಿಕೊಳ್ಳುತ್ತದೆ ಅಲ್ವಾ? ಹಲ್ಲಿನೊಳಗೆ ಊದಿಕೊಳ್ಳಲು ಜಾಗವೇ ಇಲ್ಲ, ಸುತ್ತಲೂ ಗಟ್ಟಿ ಗೋಡೆ. ಹಾಗಾಗಿ ಒಳಗೆ ಒತ್ತಡ ಏರುತ್ತದೆ, ನಾಡಿ ಬಡಿದ ಹಾಗೆಲ್ಲ ನೋವೂ ಬಡಿಯುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಸ್ವಲ್ಪ ಜಾಸ್ತಿಯಾಗುವುದರಿಂದ ರಾತ್ರಿ ಇನ್ನೂ ಕಷ್ಟ. ಎದ್ದು ಕೂತರೆ ಕೊಂಚ ಸಮಾಧಾನ ಅನ್ನಿಸುವುದು ಇದೇ ಕಾರಣಕ್ಕೆ.

ಈ ಹಂತದಲ್ಲೂ ಎರಡು ಬಗೆ ಇದೆ. ತಣ್ಣನೆಯದೋ ಸಿಹಿಯೋ ತಾಗಿದಾಗ ಜುಮ್ ಎಂದು, ಕೆಲವೇ ಸೆಕೆಂಡಿನಲ್ಲಿ ಹೋಗಿಬಿಟ್ಟರೆ ನರ ಕೆರಳಿದೆ, ಆದರೆ ಉಳಿಯಬಹುದು. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ. ತಾಗಿದ್ದನ್ನು ತೆಗೆದ ಮೇಲೂ ನೋವು ನಿಮಿಷಗಟ್ಟಲೆ ಉಳಿದರೆ, ಬಿಸಿಗೆ ಜೋರಾದರೆ, ಏನೂ ತಾಗದೆಯೂ ಬಂದರೆ ನರ ಮರಳಿ ಬರುವ ಸ್ಥಿತಿ ದಾಟಿದೆ ಅಂತ ಅರ್ಥ. ನೀವು ಎರಡು ತಿಂಗಳ ಹಿಂದೆ ಇದ್ದದ್ದು ಇಲ್ಲಿ. ಯಾವ ಹಲ್ಲು ಅಂತ ಗೊತ್ತಾಗಲಿಲ್ಲ ಅಂದಿರಲ್ಲ, ಅದೂ ಸಹಜ. ಪಲ್ಪ್‌ನ ನರಕ್ಕೆ ನೋವು ಮುಟ್ಟಿಸಲು ಬರುತ್ತದೆ, ಜಾಗ ತೋರಿಸಲು ಅಷ್ಟಾಗಿ ಬರುವುದಿಲ್ಲ. ಕೆಳಗಿನ ಹಲ್ಲಿನ ನೋವನ್ನು ಮೇಲಿನ ಹಲ್ಲಿನದು ಅಂತ ತೋರಿಸುವವರು ಬಹಳ ಮಂದಿ. ಕಿವಿನೋವು ಅಂತ ಕಿವಿ ಡಾಕ್ಟರ ಹತ್ತಿರ ಹೋಗಿ, ಅಲ್ಲಿಂದ ನಮ್ಮ ಹತ್ತಿರ ಬರುವವರೂ ಇದ್ದಾರೆ.

ಆಮೇಲೆ ನರ ಸಾಯುತ್ತದೆ. ಸತ್ತ ನರ ನೋಯುವುದಿಲ್ಲ. ನಿಮ್ಮ ನೋವು ತಾನಾಗಿ ನಿಂತದ್ದು ಹೀಗೆ. ಆ ಹಲ್ಲಿಗೆ ಈಗ ತಣ್ಣನೆಯ ನೀರು ತಾಗಿಸಿದರೂ ಏನೂ ಅನ್ನಿಸುವುದಿಲ್ಲ, ಅಲ್ವಾ? ಆದರೆ ಬ್ಯಾಕ್ಟೀರಿಯಾ ಸತ್ತಿರುವುದಿಲ್ಲ. ರಕ್ತ ಹರಿಯದ, ದೇಹದ ಕಾವಲು ಮುಟ್ಟದ ಜಾಗದಲ್ಲಿ ಅವು ಆರಾಮವಾಗಿ ಬೆಳೆಯುತ್ತವೆ. ಬೇರಿನ ತುದಿಯಲ್ಲಿರುವ ಸಣ್ಣ ತೂತಿನಿಂದ ದವಡೆ ಮೂಳೆಗೆ ಇಳಿಯುತ್ತವೆ. ದೇಹ ಅಲ್ಲಿ ತಡೆಯಲು ನೋಡುತ್ತದೆ. ಆ ಜಗಳದಲ್ಲಿ ಉಳಿದದ್ದೇ ಕೀವು.

ಕೀವು ಮೂಳೆಯಲ್ಲಿ ಸೇರಿಕೊಂಡಾಗ ಲಕ್ಷಣಗಳು ಬದಲಾಗುತ್ತವೆ. ಈಗ ಹಲ್ಲನ್ನು ಬೆರಳಿಟ್ಟು ತೋರಿಸಬಹುದು. ಕಚ್ಚಿದರೆ ನೋವು, ಬೆರಳಿನಿಂದ ತಟ್ಟಿದರೆ ನೋವು. ಆ ಒಂದು ಹಲ್ಲು ಮಾತ್ರ ಎತ್ತರವಾದ ಹಾಗೆ, ಬಾಯಿ ಮುಚ್ಚಿದಾಗ ಮೊದಲು ಅದೇ ತಾಗಿದ ಹಾಗೆ ಅನ್ನಿಸುತ್ತದೆ. ಸುಮ್ನೆ ಅನ್ನಿಸುವುದಲ್ಲ, ಬೇರಿನ ಸುತ್ತ ಊತ ಬಂದು ಹಲ್ಲು ನಿಜವಾಗಿಯೂ ಕೂದಲೆಳೆಯಷ್ಟು ಮೇಲೆ ಬಂದಿರುತ್ತದೆ. ಕೆಲವರಿಗೆ ಹಲ್ಲು ಅಲ್ಲಾಡುತ್ತದೆ. ಗದ್ದದ ಕೆಳಗೆ, ಕುತ್ತಿಗೆಯ ಪಕ್ಕ ಗಂಟು ಸಿಗುತ್ತದೆ, ಮುಟ್ಟಿದರೆ ನೋಯುತ್ತದೆ. ಜ್ವರ, ಮೈಕೈ ನೋವು ಬರಬಹುದು. ಕೀವು ಮೂಳೆಯ ಮೇಲಿನ ತೆಳು ಪೊರೆಯನ್ನು ಒಳಗಿನಿಂದ ಒತ್ತುವ ಹೊತ್ತಿನಲ್ಲಿ ನೋವು ತಡೆಯಲು ಆಗುವುದಿಲ್ಲ. ಆ ಪೊರೆ ಒಡೆದು ಕೀವು ಒಸಡಿಗೆ ಬಂದರೆ ನೋವು ದಿಢೀರನೆ ಇಳಿಯುತ್ತದೆ, ಬದಲಿಗೆ ಊತ ಕಾಣುತ್ತದೆ. ನೋವು ಇಳಿದಿದೆ, ಮುಖ ಊದಿದೆ ಅನ್ನುವವರು ಕಾಯಿಲೆ ಇಳಿಯುತ್ತಿದೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಕೀವು ಒಂದು ಗೋಡೆ ದಾಟಿದೆ ಅಷ್ಟೇ.

ಈ ಜೋರು ಹಂತ ಎಲ್ಲರಿಗೂ ಬರುವುದಿಲ್ಲ. ನಿಮಗೆ ಬಂದಂತಿಲ್ಲ. ನಿಧಾನವಾಗಿ ಮೂಳೆ ಕರಗಿ, ಒಸಡಿನವರೆಗೆ ಒಂದು ಸಣ್ಣ ಸುರಂಗ ಆಗಿದೆ. ಅದರ ಬಾಯಿಯೇ ನೀವು ನೋಡುತ್ತಿರುವ ಗುಳ್ಳೆ. ಉಪ್ಪುಪ್ಪು ರುಚಿ ಕೀವಿನದು. ಕೀವು ಹೊರಗೆ ಹೋದರೆ ಒಳ್ಳೆಯದಲ್ವಾ ಅನ್ನುವ ನಿಮ್ಮ ಸ್ನೇಹಿತರ ಮಾತು ಅರ್ಧ ಸರಿ. ಪ್ರೆಷರ್ ಕುಕ್ಕರ್ ಸೀಟಿ ಹಾಕಿದಾಗ ಆವಿ ಹೋಗಿ ಒತ್ತಡ ಇಳಿಯುತ್ತದೆ, ಕೆಳಗೆ ಒಲೆ ಉರಿಯುತ್ತಲೇ ಇರುತ್ತದೆ. ನಿಮಗೆ ನೋವು ಇಲ್ಲದಿರುವುದು, ಮುಖ ಊದದಿರುವುದು ಆ ಗುಳ್ಳೆಯ ದಯೆ. ಆ ಬಾಯಿ ಯಾವತ್ತಾದರೂ ಮುಚ್ಚಿಕೊಂಡರೆ ಅಥವಾ ನಿಮ್ಮ ದೇಹ ಬೇರೆ ಕಾರಣಕ್ಕೆ ಸೋತಿದ್ದರೆ, ಇದೇ ಹಲ್ಲು ಒಂದೇ ರಾತ್ರಿಯಲ್ಲಿ ಮುಖ ಊದಿಸಬಹುದು. ಯಾವಾಗ ಅಂತ ಯಾರೂ ಮೊದಲೇ ಹೇಳಲಾರರು. ವರ್ಷಗಟ್ಟಲೆ ಹೀಗೇ ಇಟ್ಟುಕೊಂಡವರೂ ಇದ್ದಾರೆ. ಅಷ್ಟು ಕಾಲವೂ ಒಳಗೆ ಮೂಳೆ ಸವೆಯುತ್ತಿರುತ್ತದೆ.

ಆಂಟಿಬಯೋಟಿಕ್ ವಿಷಯಕ್ಕೆ ಬರೋಣ, ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಗೊಂದಲ ಇದೆ. ಮಾತ್ರೆ ರಕ್ತದ ಮೂಲಕ ಕೆಲಸ ಮಾಡುತ್ತದೆ. ನಿಮ್ಮ ಸೋಂಕಿನ ಬೇರು ಇರುವುದು ನರ ಸತ್ತ ಹಲ್ಲಿನ ಒಳಗೆ, ಅಲ್ಲಿಗೆ ರಕ್ತವೇ ಹೋಗುವುದಿಲ್ಲ. ಹಾಗಾಗಿ ಮಾತ್ರೆ ಹೊರಗಿನ ಮೂಳೆ, ಒಸಡಿನಲ್ಲಿರುವ ಸೋಂಕನ್ನು ಸ್ವಲ್ಪ ತಗ್ಗಿಸುತ್ತದೆ, ಗುಳ್ಳೆ ಬಾಡುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಹಲ್ಲಿನೊಳಗಿನಿಂದ ಮತ್ತೆ ಇಳಿಯುತ್ತದೆ. ನಿಮಗೆ ಎರಡು ವಾರಕ್ಕೆ ಮರಳಿ ಬಂದದ್ದು ಮಾತ್ರೆ ಸಾಲದೆ ಅಲ್ಲ, ಇನ್ನೂ ‘ಸ್ಟ್ರಾಂಗ್’ ಮಾತ್ರೆ ಕೊಟ್ಟರೂ ಇದೇ ಆಗುತ್ತದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಬೇರೆ ಆರೋಗ್ಯ ಸಮಸ್ಯೆ ಇಲ್ಲದ ದೊಡ್ಡವರಿಗೆ ಇಂಥ ಹಲ್ಲಿನ ನೋವು, ಊತಕ್ಕೆ ಮೊದಲು ಬೇಕಾದದ್ದು ಹಲ್ಲಿನ ಚಿಕಿತ್ಸೆ, ಅದು ತಕ್ಷಣ ಸಿಗುವಂತಿದ್ದರೆ ಹೆಚ್ಚಿನ ಸಂದರ್ಭದಲ್ಲಿ ಆಂಟಿಬಯೋಟಿಕ್ ಬೇಕಿಲ್ಲ. ಜ್ವರ ಬಂದಿದ್ದರೆ, ಊತ ಮುಖಕ್ಕೋ ಕುತ್ತಿಗೆಗೋ ಹರಡುತ್ತಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದವರಾದರೆ ಮಾತ್ರೆ ಬೇಕೇ ಬೇಕು, ಕೆಲವು ಸಲ ಔಷಧಿಯನ್ನು ಇಂಜೆಕ್ಷನ್ ಆಗಿ ರಕ್ತನಾಳಕ್ಕೇ ಕೊಡಬೇಕಾಗುತ್ತದೆ. ಆಗಲೂ ಅದು ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗೆ ಅಲ್ಲ. ಆದ್ದರಿಂದ ಇನ್ನೊಂದು ಕೋರ್ಸ್ ನೀವೇ ಶುರು ಮಾಡಬೇಡಿ. ಅರ್ಧಂಬರ್ಧ ತಗೊಂಡು ಉಳಿಸಿದ ಮಾತ್ರೆಗಳನ್ನೂ ನುಂಗಬೇಡಿ. ಪದೇಪದೇ ಹೀಗೆ ಮಾಡಿದರೆ, ನಿಜವಾಗಿ ಬೇಕಾದ ದಿನ ಆ ಔಷಧಿ ಹಿಡಿಯದೆ ಹೋಗಬಹುದು.

ಹಲ್ಲಿನ ಕೀವು ಎಲ್ಲರಲ್ಲೂ ನಿಮ್ಮ ಹಾಗೆ ಪಾಠದ ಪ್ರಕಾರ ಬರುವುದಿಲ್ಲ. ವರ್ಷಗಳ ಹಿಂದೆ ಬಿದ್ದು ಪೆಟ್ಟಾದ ಮುಂದಿನ ಹಲ್ಲು ನಿಧಾನಕ್ಕೆ ಬೂದು ಬಣ್ಣಕ್ಕೆ ತಿರುಗಿ, ಒಂದು ದಿನವೂ ನೋಯದೆ ಕೀವುಗಟ್ಟಿರಬಹುದು. ಮೇಲಿನ ದವಡೆ ಹಲ್ಲಿನ ಬೇರುಗಳು ಮೂಗಿನ ಪಕ್ಕದ ಸೈನಸ್ ಕುಹರಕ್ಕೆ ತೀರಾ ಹತ್ತಿರ ಇರುತ್ತವೆ. ಒಂದೇ ಕಡೆಯ ಮೂಗಿನಿಂದ ವಾಸನೆಯ ಸಿಂಬಳ ಬರುತ್ತಿದ್ದು, ಎಷ್ಟು ಔಷಧಿ ತಗೊಂಡರೂ ಹೋಗದಿದ್ದರೆ ಹಲ್ಲನ್ನೂ ನೋಡಿಸಬೇಕು. ಕೆಲವು ಮೇಲಿನ ಹಲ್ಲುಗಳ ಕೀವು ಅಂಗುಳಿನಲ್ಲಿ ಊತವಾಗಿ ಬರುತ್ತದೆ. ಕೋರೆಹಲ್ಲಿನದು ಕೆನ್ನೆ ಹತ್ತಿ ಕಣ್ಣಿನ ಕೆಳಗೆ ಊದುತ್ತದೆ. ಕೆಳಗಿನ ಹಲ್ಲಿನ ಕೀವು ಅಪರೂಪಕ್ಕೆ ಗದ್ದದ ಅಥವಾ ದವಡೆಯ ಚರ್ಮದ ಮೇಲೇ ಗುಳ್ಳೆಯಾಗಿ ಒಡೆಯುತ್ತದೆ. ಇಂಥವರು ತಿಂಗಳುಗಟ್ಟಲೆ ಚರ್ಮಕ್ಕೆ ಮುಲಾಮು ಹಚ್ಚಿಕೊಂಡು ಇರುತ್ತಾರೆ, ಹಲ್ಲು ಸರಿ ಮಾಡಿದ ಮೇಲೆ ಚರ್ಮದ ಗುಳ್ಳೆ ತಾನೇ ಮಾಯುತ್ತದೆ. ಬುದ್ಧಿಹಲ್ಲು ಅರ್ಧ ಮೂಡಿರುವವರಿಗೆ ಅದರ ಮೇಲಿನ ಒಸಡಿನ ಮಡಿಕೆಯೊಳಗೆ ಆಹಾರ ಸೇರಿ ಕೀವಾಗುತ್ತದೆ, ಬಾಯಿ ತೆರೆಯಲು ಕಷ್ಟವಾಗುತ್ತದೆ.

ಮಕ್ಕಳ ಹಾಲುಹಲ್ಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ‘ಹೇಗೂ ಬಿದ್ದು ಹೋಗುವ ಹಲ್ಲು’ ಅಂತ ಅಲ್ಲಿ ಎದ್ದ ಗುಳ್ಳೆಯನ್ನು ಬಿಡಬಾರದು. ಅದರ ಬೇರಿನ ಅಡಿಯಲ್ಲೇ ಹೊಸ ಹಲ್ಲು ರೂಪುಗೊಳ್ಳುತ್ತಿರುತ್ತದೆ, ಕೀವು ಅದಕ್ಕೆ ಕಲೆ, ಕೊರತೆ ಮಾಡಬಹುದು.

ಕೀವಿನ ಹಾಗೆ ಕಂಡರೂ ಬೇರೆಯೇ ಆಗಿರುವವೂ ಇವೆ. ನೆಗಡಿಯ ಜೊತೆ ಮೇಲಿನ ನಾಲ್ಕೈದು ಹಲ್ಲು ಒಟ್ಟಿಗೆ ನೋಯುತ್ತಾ, ಬಗ್ಗಿದರೆ ಜಾಸ್ತಿಯಾದರೆ ಅದು ಸೈನಸ್ ಇರಬಹುದು. ಕರೆಂಟ್ ಹೊಡೆದಂತೆ ಕೆಲವೇ ಸೆಕೆಂಡು ಬಂದು ಹೋಗುವ ಮುಖದ ನೋವು ನರದ ಕಾಯಿಲೆಯದಾಗಿರಬಹುದು. ಇಂಥವರು ಸುಮ್ನೆ ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡದ್ದನ್ನು ನೋಡಿದ್ದೇನೆ. ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಹೋಗುವ ದವಡೆ ನೋವು ಹೃದಯದ್ದೂ ಇರಬಹುದು, ಅದಕ್ಕೆ ಹಲ್ಲಿನ ಕುರ್ಚಿ ಅಲ್ಲ, ತಕ್ಷಣ ಆಸ್ಪತ್ರೆ.

ಈಗ ಅಪಾಯದ ಮಾತು. ಹೆದರಿಸಲು ಹೇಳುತ್ತಿಲ್ಲ, ಆದರೆ ಇಷ್ಟು ಮಾತ್ರ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ನಿಮ್ಮದು ಕೆಳಗಿನ ದವಡೆ ಹಲ್ಲು. ಅದರಲ್ಲೂ ಕೊನೆಯ ಎರಡು ದವಡೆ ಹಲ್ಲುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯುವಿಗಿಂತ ಕೆಳಗಿರುತ್ತದೆ. ಅಲ್ಲಿನ ಕೀವು ಒಳಬದಿಗೆ ತಿರುಗಿದರೆ ನೇರ ಗದ್ದದ ಕೆಳಗಿನ, ಕುತ್ತಿಗೆಯ ಜಾಗಕ್ಕೆ ಇಳಿಯುತ್ತದೆ. ಎರಡೂ ಕಡೆ ಹರಡಿ ನಾಲಿಗೆಯನ್ನು ಮೇಲಕ್ಕೆ ಒತ್ತಿದರೆ ಉಸಿರಿನ ದಾರಿಯೇ ಮುಚ್ಚಬಹುದು. ಇದನ್ನು 1836ರಲ್ಲಿ ವಿವರಿಸಿದ ಜರ್ಮನ್ ವೈದ್ಯರ ಹೆಸರಿನಲ್ಲಿ ಲುಡ್ವಿಗ್ಸ್ ಆಂಜೈನಾ ಎಂದು ಕರೆಯುತ್ತಾರೆ. ಆಗ ಆಂಟಿಬಯೋಟಿಕ್ ಇರಲಿಲ್ಲ, ಹೆಚ್ಚಿನವರು ಬದುಕುತ್ತಿರಲಿಲ್ಲ. ಈಗ ಬದುಕುತ್ತಾರೆ, ಸಮಯಕ್ಕೆ ಆಸ್ಪತ್ರೆ ಸೇರಿದರೆ.

ಹಾಗಾದರೆ ಯಾವಾಗ ಓಡಬೇಕು? ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ, ಎಂಜಲನ್ನೂ ನುಂಗಲಾಗದೆ ಜೊಲ್ಲು ಸುರಿದರೆ, ಧ್ವನಿ ಬದಲಾದರೆ, ನಾಲಿಗೆಯ ಅಡಿ ಅಥವಾ ಗದ್ದದ ಕೆಳಗೆ ಗಟ್ಟಿಯಾಗಿ ಊದಿದರೆ, ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯದಿದ್ದರೆ, ಊತಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ ಅಥವಾ ದೃಷ್ಟಿ ಮಂಜಾದರೆ, ಜ್ವರದ ಜೊತೆ ಚಳಿ ನಡುಕ ಬಂದು ಮನುಷ್ಯ ಮಂಕಾದರೆ ದಂತ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ. ಅದು ಎಷ್ಟೇ ರಾತ್ರಿಯಾಗಿದ್ದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವ ಹೊತ್ತು. ನೋವು ಎಷ್ಟಿದೆ ಅನ್ನುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ನೋವು ಕಡಿಮೆ ಇದ್ದು ಊತ ಗಂಟೆಗಂಟೆಗೆ ಏರುತ್ತಿರುವ ರೋಗಿ ನನಗೆ ಜಾಸ್ತಿ ಭಯ ಹುಟ್ಟಿಸುತ್ತಾನೆ.

ಬಾವು ಇರುವಾಗ ಹಲ್ಲು ಮುಟ್ಟಿಸಬಾರದು ಅನ್ನುವ ನಂಬಿಕೆ ಬಹಳ ಹಳೆಯದು. ಅದಕ್ಕೊಂದು ಸಣ್ಣ ಕಾರಣವೂ ಇದೆ. ಕೀವು ಇರುವ ಜಾಗ ಆಮ್ಲೀಯವಾಗಿರುವುದರಿಂದ ಮರಗಟ್ಟಿಸುವ ಇಂಜೆಕ್ಷನ್ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ದಾರಿ ಇದೆ, ಊತದಿಂದ ದೂರ, ನರ ದವಡೆಯೊಳಗೆ ಹೋಗುವಲ್ಲೇ ಇಂಜೆಕ್ಷನ್ ಕೊಡುತ್ತೇವೆ. ಕೀವು ಆದಷ್ಟು ಬೇಗ ಹೊರಗೆ ಬರಬೇಕು ಅನ್ನುವುದೇ ಇವತ್ತಿನ ಪದ್ಧತಿ. ಊತ ಇಳಿಯಲಿ ಅಂತ ಮಾತ್ರೆ ಮೇಲೆ ದಿನ ದೂಡುವುದೇ ಜಾಸ್ತಿ ಅಪಾಯ. ಇನ್ನು ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನುವುದು ಪೂರ್ತಿ ಸುಳ್ಳು, ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವೇ ಇಲ್ಲ. ಕಣ್ಣಿಗೆ ತೊಂದರೆ ಬರುವುದಾದರೆ ಆ ಹಲ್ಲಿನ ಕೀವನ್ನು ಹಾಗೇ ಬಿಟ್ಟಾಗ ಬರುತ್ತದೆ.

ಮನೆಯಲ್ಲಿ ಏನು ಮಾಡಬಹುದು ಅಂದರೆ, ಡಾಕ್ಟರನ್ನು ಕಾಣುವವರೆಗೆ ಬಾಯಿಯನ್ನು ಸುಧಾರಿಸಿಕೊಳ್ಳಬಹುದು ಅಷ್ಟೇ. ಉಗುರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಆ ಹಲ್ಲನ್ನೂ ಬ್ರಷ್ ಮಾಡಿ, ಬಿಡಬೇಡಿ. ನೋವು ಬಂದರೆ ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಐಬುಪ್ರೊಫೇನ್ ಅನ್ನು ಕೇಳದೆ ತಗೊಳ್ಳಬಾರದು. ಪ್ಯಾರಾಸಿಟಮಾಲ್ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ, ಗಮನಿಸಿ. ಲವಂಗದ ಎಣ್ಣೆ ತೆರೆದ ಹುಳುಕಿಗೆ ಕೊಂಚ ಹೊತ್ತು ಮರಗಟ್ಟಿಸುತ್ತದೆ, ಕೀವಿಗೆ ಏನೂ ಮಾಡುವುದಿಲ್ಲ, ಜಾಸ್ತಿ ಹಚ್ಚಿದರೆ ಒಸಡು ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳುವವರಿದ್ದಾರೆ, ಆ ಒಸಡು ಬೆಳ್ಳಗೆ ಬೆಂದು ನೋಡಲಾಗುವುದಿಲ್ಲ. ಗುಳ್ಳೆಯನ್ನು ಸೂಜಿಯಿಂದ ಚುಚ್ಚಬೇಡಿ. ಕೆನ್ನೆ ಊದಿದರೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ, ತಣ್ಣನೆಯ ಬಟ್ಟೆ ಇಡಿ.

ದಂತವೈದ್ಯರು ಏನು ಮಾಡುತ್ತಾರೆ? ಹಲ್ಲು ತಟ್ಟಿ ನೋಡುತ್ತಾರೆ, ತಣ್ಣನೆಯ ಹತ್ತಿ ತಾಗಿಸಿ ನರಕ್ಕೆ ಜೀವ ಇದೆಯೇ ಅಂತ ಪಕ್ಕದ ಹಲ್ಲುಗಳ ಜೊತೆ ಹೋಲಿಸುತ್ತಾರೆ, ಒಸಡಿನ ಆಳ ಅಳೆಯುತ್ತಾರೆ. ಗುಳ್ಳೆಯ ಬಾಯಿಯಿಂದ ಒಂದು ಮೆತ್ತನೆಯ ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದರೆ, ಅದು ನೇರ ತಪ್ಪಿತಸ್ಥ ಬೇರನ್ನೇ ತೋರಿಸುತ್ತದೆ. ಗುಳ್ಳೆ ಇರುವುದು ಒಂದು ಹಲ್ಲಿನ ಪಕ್ಕ, ಕೀವು ಬರುತ್ತಿರುವುದು ಪಕ್ಕದ ಹಲ್ಲಿನಿಂದ, ಹೀಗೂ ಆಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಕೀವಿಲ್ಲ ಅಂತಲ್ಲ, ಮೂಳೆಯ ಖನಿಜ ಸಾಕಷ್ಟು ಕರಗಿದ ಮೇಲಷ್ಟೇ ಕಪ್ಪು ನೆರಳು ಮೂಡುತ್ತದೆ. ನಿಮ್ಮದು ಹಳೆಯದಾದ್ದರಿಂದ ಕಾಣುವ ಸಾಧ್ಯತೆ ಜಾಸ್ತಿ.

ನಿಮ್ಮ ಮುಂದೆ ಮುಖ್ಯವಾಗಿ ಎರಡು ದಾರಿ ಇರುತ್ತವೆ. ಹಲ್ಲಿನಲ್ಲಿ ಸಾಕಷ್ಟು ಗಟ್ಟಿ ಭಾಗ ಉಳಿದಿದ್ದರೆ ನಾನು ರೂಟ್ ಕೆನಾಲ್ ಕಡೆಗೇ ವಾಲುತ್ತೇನೆ. ಹಲ್ಲಿನ ಮೇಲಿನಿಂದ ತೆರೆದು, ಸತ್ತ ನರವನ್ನು ತೆಗೆದು, ಕಾಲುವೆಗಳನ್ನು ಔಷಧಿ ದ್ರವದಿಂದ ತೊಳೆದು, ತುಂಬಿ ಮುಚ್ಚುತ್ತಾರೆ. ಕೀವು ಜಾಸ್ತಿ ಇದ್ದರೆ ಒಂದು ಸಲ ಔಷಧಿ ಇಟ್ಟು, ಕೆಲವು ದಿನ ಬಿಟ್ಟು ಮುಗಿಸುತ್ತಾರೆ. ಗುಳ್ಳೆಗೆ ಬೇರೆ ಚಿಕಿತ್ಸೆ ಬೇಡ, ಒಳಗೆ ಶುದ್ಧವಾದರೆ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಆಗಲಿಲ್ಲ ಅಂದರೆ ಏನೋ ಉಳಿದಿದೆ ಅಂತ ಲೆಕ್ಕ. ಮೂಳೆ ತುಂಬಿಕೊಳ್ಳಲು ಮಾತ್ರ ತಿಂಗಳುಗಳು ಬೇಕು, ವರ್ಷವೂ ದಾಟಬಹುದು. ಹಿಂದಿನ ಹಲ್ಲಾದ್ದರಿಂದ ಆಮೇಲೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ಚೆನ್ನಾಗಿ ಮಾಡಿದ ರೂಟ್ ಕೆನಾಲ್ ಕೂಡ ಕ್ಯಾಪ್ ಇಲ್ಲದೆ ಹಲ್ಲು ಸೀಳಿ ಹಾಳಾಗುವುದನ್ನು ನಾವು ಬಹಳ ನೋಡುತ್ತೇವೆ. ಇದರಲ್ಲಿ ಅಪಾಯ ಇಲ್ಲವೇ? ಇದೆ. ಕಣ್ಣಿಗೆ ಬೀಳದ ಒಂದು ಕಾಲುವೆ ಉಳಿದುಬಿಡಬಹುದು, ಸೂಜಿಯಂಥ ಉಪಕರಣ ಒಳಗೆ ಮುರಿಯಬಹುದು, ಮೊದಲೇ ಸೀಳು ಇದ್ದರೆ ಅರ್ಧದಲ್ಲಿ ಗೊತ್ತಾಗಬಹುದು. ಮೊದಲ ಒಂದೆರಡು ದಿನ ನೋವು ಬರಬಹುದು. ವಿಫಲವಾದರೆ ಮತ್ತೆ ಮಾಡಬಹುದು, ಅಥವಾ ಬೇರಿನ ತುದಿಯನ್ನು ಸಣ್ಣ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.

ಇನ್ನೊಂದು ದಾರಿ ಹಲ್ಲು ಕೀಳಿಸುವುದು. ಸೋಂಕಿನ ಮೂಲವೇ ಹೋಗುತ್ತದೆ, ಬೇಗ ಮುಗಿಯುತ್ತದೆ. ಹಲ್ಲು ಒಸಡಿನ ಕೆಳಗೆ ಮುರಿದಿದ್ದರೆ, ಬೇರೇ ಸೀಳಿದ್ದರೆ ಇದೇ ಸರಿ. ಆದರೆ ಖಾಲಿ ಜಾಗ ಹಾಗೇ ಉಳಿದರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಉದ್ದಕ್ಕೆ ಇಳಿಯುತ್ತದೆ, ಆಮೇಲೆ ಸೇತುವೆ ಹಲ್ಲೋ ಇಂಪ್ಲಾಂಟೋ ಬೇಕಾಗುತ್ತದೆ. ಮೂಳೆ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ಎಂಬ ಮಾತ್ರೆ ಅಥವಾ ಇಂಜೆಕ್ಷನ್ ತಗೊಳ್ಳುವವರು, ಹೃದಯಕ್ಕೆ ಕೃತಕ ಕವಾಟ ಇರುವವರು, ರಕ್ತ ತೆಳುವಾಗಿಸುವ ಮಾತ್ರೆಯವರು ಕುರ್ಚಿ ಹತ್ತುವ ಮೊದಲೇ ಅದನ್ನು ಹೇಳಬೇಕು. ಆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಏನೂ ಮಾಡದೆ ನೋಡುವುದು ಮೂರನೆಯ ದಾರಿ ಅಂತ ಕೆಲವರು ಕೇಳುತ್ತಾರೆ. ಕೀವು ಹೊರಬರುವ ಗುಳ್ಳೆ ಇರುವಾಗ ಅದನ್ನು ನಾನು ದಾರಿ ಅನ್ನುವುದಿಲ್ಲ.

ನಿಮ್ಮ ತಾಯಿಯ ವಿಷಯ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಒಸಡಿನಿಂದಲೇ ಹುಟ್ಟುವ ಕೀವು ಸಾಮಾನ್ಯ. ಇಲ್ಲಿ ಹಲ್ಲಿನ ನರಕ್ಕೆ ಜೀವ ಇರುತ್ತದೆ, ಹುಳುಕೂ ಇಲ್ಲದಿರಬಹುದು. ಒಸಡು ಹಲ್ಲಿನಿಂದ ಬಿಟ್ಟುಕೊಂಡು ಆಳವಾದ ಸಂದು ಆಗಿರುತ್ತದೆ, ಅದರೊಳಗೆ ಕಲ್ಲಿನಂಥ ಪಾಚಿ ಕಟ್ಟಿ ಕೀವು ತುಂಬುತ್ತದೆ. ಊತ ಹಲ್ಲಿನ ಅಂಚಿಗೇ ಹತ್ತಿರ, ಹೊಳೆಯುವ ಕೆಂಪು. ಒತ್ತಿದರೆ ಹಲ್ಲಿನ ಪಕ್ಕದಿಂದ ಕೀವು ಬರುತ್ತದೆ, ಹಲ್ಲು ಅಲ್ಲಾಡುತ್ತದೆ, ನೋವು ಮಂದ. ಹೀಗಿದ್ದರೆ ರೂಟ್ ಕೆನಾಲ್ ಬೇಕಾಗುವುದಿಲ್ಲ. ಸಂದಿನಿಂದಲೇ ಕೀವು ಬಸಿದು, ಆಳದ ತನಕ ಸ್ವಚ್ಛ ಮಾಡುತ್ತಾರೆ. ಆದರೆ ಇವೆರಡರ ನಡುವಿನ ವ್ಯತ್ಯಾಸ ಹೊರಗಿನಿಂದ ಹೇಳುವುದು ಕಷ್ಟ, ಒಂದೇ ಹಲ್ಲಿನಲ್ಲಿ ಎರಡೂ ಇರಬಹುದು.

ಅವರನ್ನು ಮೊದಲು ಕರೆದುಕೊಂಡು ಹೋಗಿ ಅಂದದ್ದು ಸಕ್ಕರೆಯ ಕಾರಣಕ್ಕೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಸೋಂಕು ಬೇಗ ಹರಡುತ್ತದೆ, ಸೋಂಕು ಇದ್ದರೆ ಸಕ್ಕರೆ ಇನ್ನೂ ಏರುತ್ತದೆ, ಒಂದನ್ನೊಂದು ತಳ್ಳುತ್ತಾ ಹೋಗುತ್ತವೆ. ಇತ್ತೀಚೆಗೆ ಅವರ ಸಕ್ಕರೆ ಕಾರಣವಿಲ್ಲದೆ ಏರಿದ್ದರೆ ಈ ಒಸಡೇ ಕಾರಣ ಇರಬಹುದು. ಅವತ್ತು ಬೆಳಿಗ್ಗೆ ಎಂದಿನಂತೆ ತಿಂದು, ಮಾತ್ರೆ ತಗೊಂಡೇ ಹೋಗಲಿ. ಹಸಿದ ಹೊಟ್ಟೆಯಲ್ಲಿ ಬಂದು ಕುರ್ಚಿಯಲ್ಲಿ ಸಕ್ಕರೆ ಇಳಿದು ಬೆವರುವವರು ಬಹಳ ಜನ. ಈಚಿನ ರಕ್ತಪರೀಕ್ಷೆಯ ವರದಿ, ತಗೊಳ್ಳುವ ಮಾತ್ರೆಗಳ ಪಟ್ಟಿ ಜೊತೆಗಿರಲಿ.

ನಿಮ್ಮ ಪ್ರಯಾಣಕ್ಕೆ ಇನ್ನೂ ಕೆಲವು ವಾರ ಇವೆ. ಹೆಚ್ಚಿನ ರೂಟ್ ಕೆನಾಲ್‌ಗಳನ್ನು ಅಷ್ಟರಲ್ಲಿ ಮುಗಿಸಬಹುದು. ಹೋಗುವ ದಿನಾಂಕವನ್ನು ಮೊದಲ ಭೇಟಿಯಲ್ಲೇ ಹೇಳಿ. ಪೂರ್ತಿ ಮುಗಿಯದಿದ್ದರೂ ಹಲ್ಲನ್ನು ಒಳಗಿನಿಂದ ಶುದ್ಧ ಮಾಡಿ, ಔಷಧಿ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ ಕಳಿಸಬಹುದು. ಹಾಗೆ ಹೋದರೆ ತಾತ್ಕಾಲಿಕ ಫಿಲ್ಲಿಂಗ್ ಎಷ್ಟು ದಿನ ತಡೆಯುತ್ತದೆ, ಅದು ಬಿದ್ದರೆ ಏನು ಮಾಡಬೇಕು ಅಂತ ಕೇಳಿಕೊಳ್ಳಿ, ಎಕ್ಸ್‌ರೇಯ ಪ್ರತಿಯನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ನೀವು ತಗೊಂಡ ಆಂಟಿಬಯೋಟಿಕ್ ಹೆಸರು, ಯಾವ ಮಾತ್ರೆಗಾದರೂ ಅಲರ್ಜಿ ಇದ್ದರೆ ಅದೂ ಹೇಳಿ. ಹೋಗುವ ದಿನ ಗುಳ್ಳೆ ಕಾಣದಿದ್ದರೆ ಅಪಾಯಿಂಟ್‌ಮೆಂಟ್ ರದ್ದು ಮಾಡಬೇಡಿ. ಅದು ಇದ್ದ ಜಾಗವನ್ನು ಬೆರಳಿಟ್ಟು ತೋರಿಸಿ, ಸಾಧ್ಯವಾದರೆ ಇವತ್ತೇ ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.